ನೀಲವ್ವನ ಉಪವಾಸ

ಹೊಳೆದಂಡೆಯ ಪುಟ್ಟ ಮಠದಲ್ಲಿ ಒಬ್ಬ ಮುದುಕ ಗುರು ಇದ್ದರು. ಜನ ಅವರನ್ನು ಅಜ್ಜನವರು ಎನ್ನುತ್ತಿದ್ದರು. ಜೊತೆಗೆ ಒಂದು ಆಕಳು, ಅದರ ಕರು.

ಸೋಮವಾರಕ್ಕೊಮ್ಮೆ ಧ್ಯಾನ ಕಲಿಯಲು ಬರುವ ನೀಲವ್ವ ಆ ದಿನ ಓಡುತ್ತಲೇ ಬಂದಳು. ಬಟ್ಟೆ ಹೊಲಿಯುವವಳು, ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು.

"ಅಜ್ಜಾರ, ಭಾಳ ಬಿಗಿಯಾದ ವ್ರತ ಒಂದು ಹೇಳ್ರಿ."

"ಈಗ ಯಾವುದು ಹಿಡದೀ?"

"ಮಗಳ ಮ್ಯಾಲೆ ಚೀರಿದ ದಿನ ಊಟ ಬಿಡತೀನಿ. ಮೂರು ತಿಂಗಳಾತರಿ."

"ಚೀರೂದು ಕಡಿಮಿ ಆತೇನು?"

"ಇಲ್ಲರಿ. ಹೆಚ್ಚಾಗೈತಿ."

ಅಜ್ಜನವರು ಜೋರಾಗಿ ನಕ್ಕರು. ಹಸಿದ ಹೊಟ್ಟೆಯ ಸಿಟ್ಟು ಮಠದಲ್ಲಿದ್ದವರಿಗೂ ಗೊತ್ತಿರುತ್ತದೆ.

ನೀಲವ್ವ ನಗಲಿಲ್ಲ.

"ನಿನ್ನೆ ಮಗಳು ಗಿರಾಕಿ ಕೊಟ್ಟ ಖಣ ಕತ್ತರಿಸಿ ಗೊಂಬಿಗೆ ಸೀರಿ ಉಡಿಸಿದ್ಲರಿ. ಓಣಿಗೆಲ್ಲ ಕೇಳೂ ಹಂಗ ಬೈದೆ. ಸಂಜೀಕ ನೋಡಿದರ ಅಕಿ ಗೊಂಬಿಗೆ ಥೇಟ್ ನನ್ನಂಗ ಬೈಯಾಕತ್ತಿದ್ಲು. ಆಮ್ಯಾಲೆ ತನ್ನ ತಾಟು ಸರಿಸಿ, ಇವತ್ತ ನಾನೂ ಉಣ್ಣೂದಿಲ್ಲ ಅಂದ್ಲು. ಎಷ್ಟು ರಮಿಸಿದರೂ ಉಣ್ಣಲಿಲ್ಲ. ಆರು ವರ್ಷದ ಕೂಸು, ಅಜ್ಜಾರ."

ಮಗಳು ಇದನ್ನೇ ಕಲಿತುಬಿಟ್ಟರೆ ಎಂದು ಅವಳಿಗೆ ನಿಜವಾಗಿ ಹೆದರಿಕೆಯಾಗಿತ್ತು.

ಅಜ್ಜನವರು ಎದ್ದು ಅವಳನ್ನು ಕೊಟ್ಟಿಗೆಗೆ ಕರೆದೊಯ್ದರು.

"ಮುಂಜಾನೆ ಈ ಕೆಂದಿ ತನ್ನ ಕರಾನ ಒದ್ದೈತಿ. ಅದರ ಮುಂದಿನ ಮೇವು ತಗಿ. ಇವತ್ತ ಅದಕ್ಕ ಉಪವಾಸ."

ಗುರುವಿನ ಮಾತು. ನೀಲವ್ವ ಮೇವಿಗೆ ಕೈ ಹಾಕಿದಳು. ಕೆಂದಿ ಮೇಯುತ್ತಲೇ ಅವಳನ್ನು ನೋಡಿತು. ಒದೆ ತಿಂದ ಕರು ಅದಾಗಲೇ ಮತ್ತೆ ಕೆಚ್ಚಲಿಗೆ ಬಾಯಿ ಹಾಕಿತ್ತು.

ಅವಳ ಕೈ ಅಲ್ಲೇ ನಿಂತಿತು.

"ಅಜ್ಜಾರ, ಇದಕ್ಕ ಮೇವು ತಪ್ಪಿಸಿದರ ಕರಾಕ ಹಾಲು ಎಲ್ಲಿಂದ ಬರತೈತಿ?"

ಅಜ್ಜನವರು ಒಳಗೆ ಹೋಗಿ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ ತಂದು ಕಟ್ಟೆಯ ಮೇಲಿಟ್ಟರು.

ನೀಲವ್ವ ಕಟ್ಟೆಯ ತುದಿಗೆ ಕೂತು ಗಬಗಬ ತಿನ್ನತೊಡಗಿದಳು.

"ಎಲ್ಲಿದ್ದೀ?" ಅಜ್ಜನವರು ಕೇಳಿದರು.

"ಇಲ್ಲೇ ಅದೀನಲ್ರಿ."

"ನಿನ್ನ ಕಾಲು ಮಿಷನ್ ತುಳ್ಯಾಕತ್ತೈತಿ."

ನೀಲವ್ವ ಬಗ್ಗಿ ನೋಡಿದಳು. ಬಲಗಾಲು ನಿಜಕ್ಕೂ ಟಕಟಕ ನೆಲ ತುಳಿಯುತ್ತಿತ್ತು. ಅವಳಿಗೆ ನಗು ತಡೆಯಲಾಗಲಿಲ್ಲ.

ಕಾಲು ನಿಂತಿತು. ಮುಂದಿನ ತುತ್ತನ್ನು ಅವಳು ನಿಧಾನ ಅಗಿದಳು. ಚಟ್ನಿಯಲ್ಲಿ ಬೆಳ್ಳುಳ್ಳಿ ಇದೆ ಎಂಬುದು ಆಗ ತಿಳಿಯಿತು. ಎರಡೂ ರೊಟ್ಟಿ ಮುಗಿದವು.

ಕೈ ತೊಳೆದು, ಹೊರಡುವ ಮುನ್ನ ತಿರುಗಿ ನಿಂತಳು.

"ನಾಳೆ ಮತ್ತ ಚೀರಿದರ ಏನ್ ಮಾಡ್ಲಿ, ಅಜ್ಜಾರ?"

"ಆವತ್ತ ಒಂದು ರೊಟ್ಟಿ ಹೆಚ್ಚಿಗಿ ಉಣ್ಣು. ಮಗಳಿಗೆ ಕಾಣೂ ಹಂಗ ಉಣ್ಣು."