ಎರಡು ಬೆರಳಿನ ಬಲೆ

ಅಳಿವೆಯ ದಂಡೆಯ ಮೇಲೆ ಒಂದು ಗುಡಿಸಲು. ಅದನ್ನು ಆಶ್ರಮ ಎಂದು ಕರೆದವರು ಊರಿನವರೇ ಹೊರತು ಒಳಗಿದ್ದ ಸ್ವಾಮಿಯಲ್ಲ. ಅವರು ಹಿಂದೆ ಮೀನು ಹಿಡಿಯುತ್ತಿದ್ದವರು. ಕಾವಿ ಉಟ್ಟ ಮೇಲೂ ಬಲೆ ಹೆಣೆಯುವುದನ್ನು ಬಿಟ್ಟಿರಲಿಲ್ಲ.

ಶಿಷ್ಯ ಗೋಯ್ದನಿಗೆ ಅವರು ಒಂದು ಮಂತ್ರವನ್ನೂ ಹೇಳಿಕೊಟ್ಟಿರಲಿಲ್ಲ. ಕಲಿಸಿದ್ದು ಒಂದು ಅಳತೆ. ಬಲೆಯ ಯಾವ ಕಣ್ಣಿನಲ್ಲೂ ಎರಡು ಬೆರಳು ಸಲೀಸಾಗಿ ತೂರಬೇಕು. ಮರಿಮೀನು ತಪ್ಪಿಸಿಕೊಂಡು ಹೋಗಲು ಅಷ್ಟು ದಾರಿ ಬೇಕು.

ಮಳೆಗಾಲ ಇಳಿದು ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಮೀನುಗಾರಿಕೆ ಶುರು ಮಾಡುವ ದಿನ, ಹೊಸ ಬಲೆಯ ಕಡೆಯ ಗಂಟನ್ನು ಸ್ವಾಮಿಯೇ ಹಾಕಬೇಕು. ಆ ಗಂಟು ಬೀಳದ ಬಲೆಯನ್ನು ಕೂಲಿಗೆ ಕಡಲಿಗಿಳಿಯುವ ಊರಿನ ಕಲಾಸಿಗಳು ದೋಣಿಗೆ ಏರಿಸುವುದಿಲ್ಲ.

ಆ ವರ್ಷ ರಮಾಕಾಂತ ತಾಂಡೇಲ ತನ್ನ ಹೊಸ ಬಲೆಯನ್ನು ಕಲಾಸಿಗಳ ಕೈಯಲ್ಲಿ ಹೊರಿಸಿಕೊಂಡು ಬಂದ. ಊರಿನಲ್ಲಿ ಎಲ್ಲಕ್ಕಿಂತ ದೊಡ್ಡ ದೋಣಿ ಅವನದು. ಗುಡಿಸಲು ನಿಂತಿದ್ದ ಜಾಗವೂ ಅವನದೇ. ಬಲೆ ಹೆಣೆದವನು ಗೋಯ್ದ.

ಸ್ವಾಮಿ ಬಲೆಯ ಬಾಯನ್ನು ತೊಡೆಯ ಮೇಲೆ ಎಳೆದುಕೊಂಡರು. ಎರಡು ಬೆರಳು ಸಲೀಸಾಗಿ ತೂರಿದವು. ಆದರೆ ಗಂಟು ಹಾಕಲಿಲ್ಲ. ಎದ್ದು ಬಲೆಯ ಇನ್ನೊಂದು ತುದಿಗೆ ನಡೆದರು. ಬಲೆಗೆ ಬಿದ್ದ ಮೀನೆಲ್ಲ ಬಂದು ಸೇರುವ ಚೀಲ ಅಲ್ಲಿತ್ತು. ಅದರ ಕಣ್ಣಿನಲ್ಲಿ ಕಿರುಬೆರಳೂ ತೂರಲಿಲ್ಲ.

"ಇದು ಯಾರ ಕೆಲಸ?"

"ನನ್ನದೇ ಸ್ವಾಮಿ," ಎಂದ ಗೋಯ್ದ. "ಚೀಲ ಮಾತ್ರ ಸಣ್ಣ ಕಣ್ಣಿಂದು ಮಾಡು ಅಂದ್ರು ತಾಂಡೇಲರು. ನೀವು ಗಂಟು ಹಾಕೂದು ಬಾಯಿಗೆ. ಬಾಯಿ ಸರಿ ಇದ್ರೆ ಸಾಕು ಅಂತ ಮಾಡಿದೆ."

"ಬಾಯಿಗೆ ಬಂದ ಮೀನು ಎಲ್ಲಿಗೆ ಹೋಗ್ತದೆ?"

ಗೋಯ್ದ ಮರಳು ನೋಡುತ್ತಲೇ ಹೇಳಿದ:

"ಅವರಿಗೆ ಆಗೂದಿಲ್ಲ ಅಂದ್ರೆ ಈ ಗುಡಿಸಲು ಉಳೀತದಾ ಸ್ವಾಮಿ? ಹೆದರಿಕೆ ಆಯ್ತು."

ಸುಳ್ಳು ಹೇಳಲಿಲ್ಲವಲ್ಲ, ಅಷ್ಟು ಪುಣ್ಯ. ಸ್ವಾಮಿ ಸೊಂಟದ ಚಾಕು ತೆಗೆದು ಚೀಲವನ್ನು ಬಲೆಯಿಂದ ಕತ್ತರಿಸಿ ಹಾಕಿದರು.

ರಮಾಕಾಂತನ ಮುಖ ಕೆಂಪಾಯಿತು.

"ಏನು ಮಾಡಿದ್ರಿ ಸ್ವಾಮ್ಯೋರೆ? ಇಷ್ಟು ದೊಡ್ಡ ಸಮುದ್ರ ಎಲ್ಲಾದ್ರೂ ಖಾಲಿ ಆಗ್ತದಾ?"

"ಹೋದ ವರ್ಷ ಮೀನಿಗೆ ಎಷ್ಟು ದೂರ ಹೋಗಿದ್ದೆ ತಮಾ?"

"ಎರಡು ದಿನದ ದಾರಿ."

"ನಿನ್ನ ಅಪ್ಪ?"

ರಮಾಕಾಂತನ ಅಪ್ಪ ಬೆಳಿಗ್ಗೆ ಹೋದವನು ಮಧ್ಯಾಹ್ನದ ಗಂಜಿಯ ಹೊತ್ತಿಗೆ ದೋಣಿ ತುಂಬಿಕೊಂಡು ಬರುತ್ತಿದ್ದದ್ದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಒಂದು ಸಲವೂ ಮೊಟ್ಟೆ ಇಡದ ಮರಿಗಳನ್ನೆಲ್ಲ ನೀನೇ ಬಾಚಿದ್ರೆ, ನಿನ್ನ ಮಗ ಎಷ್ಟು ದಿನದ ದಾರಿ ಹೋಗಬೇಕು?"

"ನೀವು ಎಲ್ಲ ಬಿಟ್ಟ ಸನ್ಯಾಸಿ. ಮೀನಿನ ಉಸಾಬರಿ ನಿಮಗ್ಯಾಕೆ?"

"ಮನೆ ಬಿಟ್ಟೆ. ಸಮುದ್ರ ಬಿಟ್ಟೆ ಅಂತ ಯಾರು ಹೇಳಿದ್ರು?"

"ಹಾಗಾದ್ರೆ ನನ್ನ ಜಾಗ ಬಿಡಿ. ಈಗಲೇ."

"ಬಿಟ್ಟೆ. ಗಂಟು ಮಾತ್ರ ಹಾಕೂದಿಲ್ಲ."

ಬಲೆ ಎತ್ತಿ ಎಂದು ರಮಾಕಾಂತ ಕಲಾಸಿಗಳಿಗೆ ಹೇಳಿದ. ಒಬ್ಬನೂ ಬಗ್ಗಲಿಲ್ಲ. ಸಿಟ್ಟು ತಡೆಯಲಾರದೆ ಅವನು ತಾನೇ ಹೋಗಿ ಗುಡಿಸಲಿನ ಸೋಗೆ ಕಿತ್ತು ಎಳೆದ. ಹನ್ನೆರಡು ವರ್ಷ ತಾನು ಮಲಗಿದ್ದ ಸೂರು ಮರಳಿಗೆ ಬೀಳುವುದನ್ನು ಕಂಡು ಗೋಯ್ದನಿಗೆ ಅಳು ಬಂತು. ಸ್ವಾಮಿ ಆ ಕಡೆ ತಿರುಗಿಯೂ ನೋಡಲಿಲ್ಲ.

ಸೂರು ಬಿದ್ದಾಯಿತು. ಬಲೆ ಬಿದ್ದಲ್ಲೇ ಇತ್ತು. ಕಲಾಸಿಗಳು ಕೈಕಟ್ಟಿ ನಿಂತೇ ಇದ್ದರು. ಉಳಿದವರ ದೋಣಿಗಳು ಒಂದೊಂದಾಗಿ ಅಳಿವೆ ದಾಟತೊಡಗಿದವು.

ರಮಾಕಾಂತ ಕೊನೆಗೆ ಬೇರೆಲ್ಲೋ ನೋಡುತ್ತ ಹೇಳಿದ:

"ಚೀಲ ಎರಡು ಬೆರಳಿನ ಅಳತೇದೇ ಹೆಣೀರಿ."

ಗುರುವೂ ಶಿಷ್ಯನೂ ಬಿಸಿಲಲ್ಲೇ ಕೂತು ಸಂಜೆಯ ತನಕ ಹೊಸ ಚೀಲ ಹೆಣೆದರು. ಗೋಯ್ದ ಒಂದೊಂದು ಕಣ್ಣಿಗೂ ಬೆರಳು ಹಾಕಿ ನೋಡಿದ. ಸ್ವಾಮಿ ಗಂಟು ಹಾಕಿದರು. ಕಲಾಸಿಗಳು ಬಲೆ ಹೊತ್ತರು. ದೋಣಿ ಹೋಯಿತು.

ಬಿದ್ದ ಸೋಗೆಯ ಅಡಿಯಿಂದ ಗೋಯ್ದ ಎರಡು ಪಾತ್ರೆ, ಒಂದು ಚಾಪೆ ಎಳೆದು ತೆಗೆದ.

"ಸ್ವಾಮಿ, ನಾಳೆ ಅವರು ಬೇರೆ ಊರಲ್ಲಿ ಸಣ್ಣ ಕಣ್ಣಿನ ಚೀಲ ಹೆಣೆಸ್ಕೊಂಡ್ರೆ? ಈ ದಂಡೆ ಉದ್ದಕ್ಕೂ ಎಷ್ಟೊಂದು ಬಲೆ ಇದೆ. ನಾವು ಇಬ್ಬರೇ. ಇದ್ದ ಗುಡಿಸಲೂ ಹೋಯ್ತು."

ಸ್ವಾಮಿ ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು.

"ಹೋಯ್ತಲ್ಲ, ಒಳ್ಳೇದೇ ಆಯ್ತು. ಕಾಯೂಕೆ ಇನ್ನು ಗುಡಿಸಲು ಇಲ್ಲ. ಯಾರ ಬಲೆ ಮುಂದೆ ಬೇಕಾದ್ರೂ ಹೋಗಿ ಕೂರಬಹುದು. ನಡಿ."