ಮರಕುಟಿಗದ ತಲೆ ಮೇಲೆ ಅಜ್ಜಿ ಕೂತದ್ದು

ಭೂಮಿ ಇನ್ನೂ ಹಸಿಯಾಗಿತ್ತು. ಕಾಲಿಟ್ಟಲ್ಲೆಲ್ಲ ಗುರುತು ಮೂಡುತ್ತಿತ್ತು. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಹೆಜ್ಜೆ ನಮ್ಮ ಸಿದ್ದಿ ಜನದ ಮೊದಲ ಅಜ್ಜನದು. ಈಗ ಊರವರು ಅದನ್ನು ಕೆರೆ ಅಂತಾರೆ. ಅನ್ನಲಿ ಬಿಡು, ಮಾದೇವಿ, ನೀನು ಈ ಮಾಮ ಹೇಳೋದು ಕೇಳು.

ಆಗ ಕಾಡಿನ ಮರಗಳಿಗೆಲ್ಲ ಒಬ್ಬಳೇ ವೈದ್ಯೆ, ಮರಕುಟಿಗದ ಅಜ್ಜಿ. ಕೊಕ್ಕಿನಿಂದ ಟಕ್ ಟಕ್ ಬಡಿದು, ಹುಳ ಎಲ್ಲಿ ಕೂತಿದೆ ಅಂತ ಹೇಳಿಬಿಡುತ್ತಿದ್ದಳು.

ಒಂದು ದಿನ ಅಜ್ಜಿ ತೀರಿಕೊಂಡು ಹಿರಿಯರ ಜೊತೆ ಸೇರಿದಳು. ಮಾರನೇ ದಿನವೇ ಮೊಮ್ಮಗಳು ತುಂಗಿಯ ತಲೆ ಕೆಂಪಗೆ ಕಾಯತೊಡಗಿತು.

"ಗಾಳಿಯಣ್ಣಾ, ಚೂರು ಬೀಸು."

ಗಾಳಿ ಬೀಸಿತು. ತಲೆ ಕಾದೇ ಇತ್ತು.

"ಹೊಳೆಯಕ್ಕಾ, ಮುಳುಗಿಸಿಕೋ."

ಹೊಳೆ ಮುಳುಗಿಸಿಕೊಂಡಿತು. ನೀರು ಕುದಿಯಿತು, ಮೀನುಗಳು ಬೈದವು. ತಲೆ ಕಾದೇ ಇತ್ತು.

"ಇದು ಜ್ವರ ಅಲ್ಲ ಮಗಾ," ಅಂದಿತು ಹೊಳೆ. "ನಿನ್ನಜ್ಜಿ ಕರೀತಿದ್ದಾಳೆ. ಅವಳ ಕೆಲಸ ನಿನ್ನ ತಲೆ ಮೇಲೆ ಬಂದು ಕೂತಿದೆ."

"ನಾನು ಹಾಡೋಳು! ಹುಳದ ಸಹವಾಸ ನಂಗ್ಯಾಕೆ? ಅಣ್ಣಂಗೆ ಕೊಡಲಿ."

ಅಣ್ಣ ಎದೆ ಉಬ್ಬಿಸಿಕೊಂಡು ಬಂದು ಒಂದು ಬಡಿದ. ಕೊಕ್ಕು ಮರಕ್ಕೆ ಸಿಕ್ಕಿಕೊಂಡು ಮೂರು ದಿನ ಅಲ್ಲೇ ನೇತಾಡಿದ. ಹಿರಿಯರು ಆರಿಸಿದ್ದು ಅವನನ್ನಲ್ಲವಲ್ಲ!

ನಾಲ್ಕನೇ ದಿನ, ತುಂಗಿ ಹುಟ್ಟಿದ ಮತ್ತಿಮರವೇ ನರಳಿತು. "ತುಂಗೀ, ಒಳಗೇನೋ ಕೊರೀತಿದೆ. ಇನ್ನು ನಿಲ್ಲಲಾರೆ ಕಣೇ."

ತುಂಗಿಗೆ ಹಾಡು ಮರೆತುಹೋಯಿತು. ಟಕ್. ಟಕ್ ಟಕ್. ಯಾರೂ ಕಲಿಸಿರಲಿಲ್ಲ, ಆದರೂ ಕೊಕ್ಕಿಗೆ ದಾರಿ ಗೊತ್ತಿತ್ತು. ತೋಳಿನಷ್ಟು ದಪ್ಪದ ಹುಳ ಹೊರಗೆ ಬಂತು. ನನ್ನ ತೋಳಿನಷ್ಟು, ನಿನ್ನದಲ್ಲ! ಮರ ನೆಟ್ಟಗೆ ನಿಂತಿತು. ತುಂಗಿಯ ತಲೆ ತಣ್ಣಗಾಯಿತು.

"ಆಗ ನಮ್ಮ ಮೊದಲಜ್ಜ ಎಲ್ಲಿದ್ದ, ಮಾಮಾ?"

ಮರದ ಕೆಳಗೇ ಇದ್ದ! ಆ ತಾಳ ಕೇಳಿಯೇ ನಮ್ಮ ಡಮಾಮಿ ಡೋಲು ಮಾಡಿದ. ಅದನ್ನು ಬಾರಿಸೋ ಕೈ ಅಜ್ಜನಿಂದ ಅಜ್ಜನಿಗೆ ಇಳಿದು, ಕೊನೆಗೆ ನಿಮ್ಮಮ್ಮನಿಗೆ ಬಂತು.

"ನಿಂಗ್ಯಾಕೆ ಬರಲಿಲ್ಲ?"

ನಾನೂ ಒಮ್ಮೆ ಬಡಿದು ನೋಡಿದೆ. ಕೇರಿಯ ನಾಯಿಗಳೆಲ್ಲ ಪಕ್ಕದೂರಿಗೆ ಹೋದವು. ಅಷ್ಟು ದೂರ ಓಡಿಸೋದು ನಿಮ್ಮಮ್ಮನ ಕೈಲೂ ಆಗಲಿಲ್ಲ, ತಿಳಕೋ!

ತುಂಗಿಯ ತಲೆ ತಣ್ಣಗಾದರೂ ಕೆಂಪು ಮಾತ್ರ ಹೋಗಲೇ ಇಲ್ಲ. ಅದಕ್ಕೇ, ಅಗೋ ಆ ಕೊಂಬೆ ಮೇಲೆ ನೋಡು, ಇವತ್ತಿಗೂ ಮರಕುಟಿಗ ತನ್ನಜ್ಜಿ ಕೂತ ಜಾಗವನ್ನು ಕೆಂಪು ಜುಟ್ಟು ಮಾಡಿಕೊಂಡು, ತಲೆ ಎತ್ತಿ ಮೆರೆಯುತ್ತದೆ.