ಹಿಮ ಬಿದ್ದ ಮನೆಯ ಬಾಗಿಲು

ಬೆಟ್ಟದ ಮೇಲಿನ ಒಂದು ಮನೆಯ ಬಾಗಿಲು ಹಿಮಕ್ಕೆ ಸಿಕ್ಕಿ ನಾಲ್ಕು ದಿನ ತೆರೆಯಲಿಲ್ಲ. ಅದು ಮರುಗಿತು: "ನಾನು ತೆರೆಯದಿದ್ದರೆ ಈ ಗಂಡಹೆಂಡಿರಿಗೆ ಸುಖ ಎಲ್ಲಿಂದ ಬರಬೇಕು?"

ಒಲೆಯ ಮೇಲಿದ್ದ ಚಹಾದ ಕೆಟಲ್ ಹೇಳಿತು: "ಒಮ್ಮೆ ಒಳಗೂ ನೋಡಣ್ಣ."

"ಒಳಗೇನಿದೆ ಮಣ್ಣು!" ಎಂದು ಬಾಗಿಲು ಬೀದಿಯನ್ನೇ ಕಾಯುತ್ತ ನಿಂತಿತು.

ಒಳಗೆ ಇಂದುಮತಿ ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಾಬಾರ ಆಟದ ಮನೆ ಬರೆದಿದ್ದಳು. ಗಂಡ ಅಚ್ಯುತ ಹುರಿಗಡಲೆ ಮೆಲ್ಲುತ್ತ, ಕವಡೆ ಹಾಕುತ್ತ, ಕಾಯಿ ನಡೆಸುತ್ತ, ಖುಷಿಯಾಗಿ ಸೋಲುತ್ತಿದ್ದ.

ಐದನೆಯ ದಿನ ಹಿಮ ಕರಗಿತು. ಬಾಗಿಲು ತಾನೇ ತೆರೆದುಕೊಂಡು ಕೂಗಿತು: "ಹೊರಡಿ, ದಾರಿ ಬಿಟ್ಟಿದೆ!"

ಚಳಿಗಾಳಿ ನುಗ್ಗಿತು. ಇಂದುಮತಿ ತಲೆಯೆತ್ತದೆ ಹೇಳಿದಳು: "ರೀ, ಮೊದಲು ಆ ಬಾಗಿಲು ಹಾಕಿ ಬನ್ನಿ. ನನ್ನದು ಇನ್ನೊಂದೇ ಕಾಯಿ ಹಣ್ಣಾಗಬೇಕು."